ಮೂರನೇ ಮೀಟರಿನ ಹಳದಿ ಗೆರೆ

ಸೋಮವಾರ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಜಜ್ಜಿಹೋದ ಬೈಕೊಂದು ಅಂಗಡಿಯ ಬಾಗಿಲಲ್ಲಿತ್ತು. ಟೆಂಪೋದಿಂದ ಇಳಿಸಿದವರು ಸ್ಟ್ಯಾಂಡು ಹಾಕುವ ಗೋಜಿಗೂ ಹೋಗದೆ ಅದನ್ನು ಗೋಡೆಗೆ ಒರಗಿಸಿದ್ದರು. ಬಲಗಡೆಯ ಹ್ಯಾಂಡಲ್ ಒಳಕ್ಕೆ ಮಡಚಿಕೊಂಡಿತ್ತು. ಎಂಜಿನ್ನಿನ ಬುಡದಿಂದ ಹಿಂದಿನ ಚಕ್ರದ ತನಕ ಎಣ್ಣೆ ಮೆತ್ತಿ, ಅದರ ಮೇಲೆ ರಸ್ತೆಯ ಮಣ್ಣು ಹಿಡಿದಿತ್ತು. ಹ್ಯಾಂಡಲಿನ ಮೇಲೆ ಸಾಲಾಗಿ ಕೂತ ಮೂರು ದುಂಡು ಮೀಟರುಗಳು ಮಾತ್ರ ಗಾಜು ಕೂಡ ಬಿರಿಯದೆ ಉಳಿದಿದ್ದವು.

ಆ ಮೂರನ್ನೂ ಕೂರಿಸಿದವನು ಮೀಟರಣ್ಣ. ದೂರದ ಸವಾರಿಗೆ ಹೊರಡುವ ದೊಡ್ಡ ಬೈಕುಗಳಿಗೆ ಕಂಪನಿಯವರು ಕೊಡದ ಮೀಟರುಗಳನ್ನು ಹೊಂದಿಸುವುದೇ ಅವನ ಕಸುಬು. ಬ್ಯಾಟರಿಗೊಂದು, ಎಣ್ಣೆಯ ಬಿಸಿಗೊಂದು, ಎಣ್ಣೆಯ ಒತ್ತಡಕ್ಕೊಂದು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಬೈಕೂ ಹೀಗೆ ವಾಪಸು ಬಂದಿರಲಿಲ್ಲ.

ಬೈಕಿನ ಪಕ್ಕದಲ್ಲಿ ಕ್ಯಾಪ್ಟನ್ ನಿಂತಿದ್ದ. ಸೈನ್ಯಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಸವಾರರ ಗುಂಪನ್ನು ಹತ್ತು ವರ್ಷದಿಂದ ಮುಂದೆ ನಿಂತು ನಡೆಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅವನ ಸ್ವಂತ ಬೈಕು ಬೀದಿಯ ಆಚೆ ನಿಂತಿತ್ತು. ಅದರ ಟೈರಿನ ಅಕ್ಷರಗಳಿಗೆಲ್ಲ ಅವನೇ ಕೂತು ಹಳದಿ ಬಣ್ಣ ತುಂಬಿದ್ದ. ಅಕ್ಕಪಕ್ಕದ ಅಂಗಡಿಯವರು ಸೇರುವವರೆಗೆ ಕಾದು ಅವನು ಬಾಯಿ ತೆರೆದ. ಈ ಬೈಕಿನ ಒಡತಿ ನರ್ಸಕ್ಕ ನಿನ್ನೆ ಬೆಳಿಗ್ಗೆ ನಲವತ್ತು ದಿನದ ಸವಾರಿಗೆ ಹೊರಟವಳು ಎಂಟನೇ ಕಿಲೋಮೀಟರಿನ ತಿರುವಿನಲ್ಲೇ ಜಾರಿ ಬಿದ್ದಳು, ಕಾಲಿನ ಮೂಳೆ ಎರಡು ಕಡೆ ಮುರಿದಿದೆ, ಒತ್ತಡದ ಮೀಟರಿಗಾಗಿ ಎಂಜಿನ್ನಿಗೆ ತಿರುಪಿದ ಸೆನ್ಸರಿನ ಬುಡದಿಂದ ಎಣ್ಣೆ ಸೋರಿ ಹಿಂದಿನ ಟೈರಿಗೆ ಬಿದ್ದಿದೆ ಎಂದ. ಆಮೇಲೆ ಅಂಗಡಿಯ ಗೋಡೆಯ ಮೇಲಿದ್ದ ಬೋರ್ಡಿನ ಕಡೆ ಬೆರಳು ತೋರಿಸಿದ.

"ಗೆರೆ ಅಲುಗದಿದ್ದರೆ ಹೊಣೆ ನನ್ನದು ಅಂತ ನೀನೇ ಬರೆಸಿದ್ದೀಯಲ್ಲ? ಬಂದು ನೋಡು. ಗೆರೆ ಕೂದಲೆಳೆಯಷ್ಟೂ ಅಲುಗಿಲ್ಲ."

ಮೀಟರಣ್ಣ ಮೊಣಕಾಲೂರಿ ನೋಡಿದ. ಬಿಗಿ ಮಾಡಿದ ಪ್ರತಿಯೊಂದು ಬೋಲ್ಟಿನ ಮೇಲೂ ಅವನು ಸಣ್ಣದೊಂದು ಹಳದಿ ಗೆರೆ ಎಳೆಯುತ್ತಿದ್ದ. ಅರ್ಧ ಗೆರೆ ಬೋಲ್ಟಿನ ಮೇಲೆ, ಅರ್ಧ ಅದು ಕೂತ ಜಾಗದ ಮೇಲೆ. ಆಮೇಲೆ ಯಾರಾದರೂ ಸ್ಪ್ಯಾನರ್ ಹಾಕಿದರೆ ಎರಡು ತುಂಡೂ ಒಂದಕ್ಕೊಂದು ಕೂಡುವುದಿಲ್ಲ. ಈಗ ಎಣ್ಣೆ ಒರೆಸಿ ನೋಡಿದರೆ ಸೆನ್ಸರಿನ ಮೇಲಿನ ಗೆರೆ ನೆಟ್ಟಗೆ, ತುಂಡಾಗದೆ ಇತ್ತು. ಅದರ ಕೆಳಗೆ, ಸೆನ್ಸರ್ ಕೂರುವ ಹಿತ್ತಾಳೆಯ ಜಾಯಿಂಟು ಉದ್ದಕ್ಕೆ ಸೀಳಿತ್ತು.

ಹಿತ್ತಾಳೆ ಹಾಗೆ ಸೀಳಬೇಕಾದರೆ ಅತಿಯಾಗಿ ಬಿಗಿ ಮಾಡಿರಬೇಕು. ಅಷ್ಟು ಬಿಗಿ ಮಾಡುವ ಕೈ ತನ್ನದಲ್ಲ ಎಂದು ಅವನಿಗೆ ಗೊತ್ತು. ಆದರೆ ಗೊತ್ತಿದ್ದು ಏನು ಬಂತು, ಅವನ ಬೋರ್ಡೇ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಕ್ಯಾಪ್ಟನ್ ಶನಿವಾರದವರೆಗೆ ಗಡುವು ಕೊಟ್ಟ. ಅಷ್ಟರಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು ಕಸುಬು ಬಿಡಬೇಕು. ಇಲ್ಲದಿದ್ದರೆ ಇನ್ನು ಯಾವ ಸವಾರನೂ ಈ ಬಾಗಿಲು ತುಳಿಯದ ಹಾಗೆ ಮಾಡುತ್ತೇನೆ ಎಂದು ಹೇಳಿ ಹೋದ.

ಇದೆಲ್ಲ ನಡೆಯುತ್ತಿದ್ದಾಗ ಅಂಗಡಿಯ ಮುಂಭಾಗದ ಮೇಜಿನ ಹಿಂದೆ ಚಿಕ್ಕಮ್ಮ ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಅವಳು ಮೀಟರಣ್ಣನ ತಾಯಿಯ ತಂಗಿ. ಅರ್ಧ ಅಂಗಡಿ ಅವಳ ಗಡಿಯಾರ ರಿಪೇರಿಗೆ, ಅರ್ಧ ಅವನ ಮೀಟರುಗಳಿಗೆ. ಅರವತ್ತೆಂಟರ ಆ ಹೆಂಗಸು ಮಾತಾಡುವುದಕ್ಕಿಂತ ನೋಡುವುದೇ ಹೆಚ್ಚು. ಬೀದಿಯಲ್ಲಿ ಏನಾದರೂ ಕಳೆದರೆ, ಯಾರದ್ದಾದರೂ ಸಹಿ ನಕಲಿಯಾದರೆ ಜನ ಠಾಣೆಗಿಂತ ಮೊದಲು ಅವಳ ಮೇಜಿಗೆ ಬರುತ್ತಿದ್ದರು. ನಿಂತ ಗಡಿಯಾರಕ್ಕೂ ಸುಳ್ಳು ಹೇಳುವ ಮನುಷ್ಯನಿಗೂ ಮದ್ದು ಒಂದೇ, ಬಿಚ್ಚಿ ನೋಡಬೇಕು ಎನ್ನುವುದು ಅವಳ ಮಾತು.

"ಸೆನ್ಸರ್ ಬಿಚ್ಚು," ಎಂದಳು. "ನಿಧಾನಕ್ಕೆ. ನಾನು ನೋಡ್ತಾ ಇರಬೇಕು."

ಅವನು ಸ್ಪ್ಯಾನರ್ ಹಾಕಿ ತಿರುಗಿಸಿದ. ಸೆನ್ಸರ್ ಹೊರಬಂದಾಗ ಅದರ ಮರೆಗಳ, ಅಂದರೆ ತಿರುಪಿನ ಸುತ್ತುಗಳ ಮೇಲೆ ಬಿಳಿಯ ಟೇಪು ಮುದ್ದೆಯಾಗಿ ಅಂಟಿಕೊಂಡಿತ್ತು. ನಲ್ಲಿ ಜೋಡಿಸುವಾಗ ನೀರು ಸೋರದಿರಲೆಂದು ಸುತ್ತುವ ಟೇಪು. ಮೀಟರಣ್ಣ ಅದನ್ನು ಎಂದೂ ಸುತ್ತುವವನಲ್ಲ. ಆ ಸೆನ್ಸರಿಗೆ ಬರುವುದು ಒಂದೇ ತಂತಿ. ಎರಡನೇ ತಂತಿಯ ಕೆಲಸವನ್ನು ಎಂಜಿನ್ನಿನ ಲೋಹದ ಮೈಯೇ ಮಾಡುತ್ತದೆ. ನಡುವೆ ಟೇಪು ಸುತ್ತಿದರೆ ಲೋಹಕ್ಕೆ ಲೋಹ ತಾಗುವುದಿಲ್ಲ, ಮೀಟರು ಸುಳ್ಳು ತೋರಿಸುತ್ತದೆ. ಕಲಿಯಲು ಸೇರಿದ ಮೊದಲ ವಾರವೇ ಅವನ ತಲೆಗೆ ಮೊಟಕಿ ಕಲಿಸಿದ ಪಾಠ ಅದು.

ಚಿಕ್ಕಮ್ಮ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಟೇಪನ್ನು ಎಷ್ಟೋ ಹೊತ್ತು ತಿರುಗಿಸಿ ನೋಡಿದಳು. ಸೆನ್ಸರಿನ ಮರೆಗಳನ್ನು ನೋಡಿದಳು, ಅವು ಸವೆದಿದ್ದವು. ಹಳದಿ ಗೆರೆಯನ್ನೂ ನೋಡಿದಳು. ಆಮೇಲೆ ಎಲ್ಲವನ್ನೂ ಗಡಿಯಾರದ ಮುಳ್ಳುಗಳನ್ನಿಡುವ ತಗಡಿನ ಡಬ್ಬಿಗೆ ಹಾಕಿ ಮುಚ್ಚಿದಳು. ಗುರುವಾರ ಬೈಕು ಅಂಗಡಿ ಬಿಟ್ಟ ಮೇಲೆ ಎಲ್ಲೆಲ್ಲಿತ್ತು ಎಂದಷ್ಟೇ ಕೇಳಿದಳು.

ಮೀಟರಣ್ಣನಿಗೆ ಗೊತ್ತಿದ್ದಿಷ್ಟು: ಗುರುವಾರ ನರ್ಸಕ್ಕ ಬಂದು, ಎಂಜಿನ್ ಓಡಿಸಿ, ಒತ್ತಡದ ಮುಳ್ಳು ನಾಲ್ಕರ ಮೇಲೆ ನಿಂತದ್ದನ್ನು ಕಣ್ಣಾರೆ ನೋಡಿ ಬೈಕು ಒಯ್ದಿದ್ದಳು. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಅದು ಕ್ಯಾಪ್ಟನ್ನಿನ ಶೆಡ್ಡಿನಲ್ಲಿತ್ತು. ಹೊರಡುವ ಮೂರೂ ಬೈಕುಗಳನ್ನು ಅಲ್ಲೇ ತಪಾಸಣೆ ಮಾಡಿ ಸಾಮಾನು ಕಟ್ಟುವ ಪದ್ಧತಿ. ಒಂದು ನರ್ಸಕ್ಕನದು, ಒಂದು ಕ್ಯಾಪ್ಟನ್ನಿನದು, ಇನ್ನೊಂದು ದಾರಿಯುದ್ದಕ್ಕೂ ವಿಡಿಯೋ ಮಾಡುತ್ತಿದ್ದ ಫೋಟೋದವನದು. ನರ್ಸಕ್ಕನಿಗೆ ಡ್ಯೂಟಿ ಇದ್ದುದರಿಂದ ಬೈಕನ್ನು ಶೆಡ್ಡಿಗೆ ತಂದು ಬಿಟ್ಟವನು ಅವಳ ಗಂಡ.

ಗಂಡ ಎಂದ ಕೂಡಲೇ ಮೀಟರಣ್ಣ ಸ್ಪ್ಯಾನರ್ ಕೆಳಗಿಟ್ಟು ಎದ್ದ. ಅವಳ ಗಂಡ ಪ್ಲಂಬರ್. ಹೆಂಡತಿ ನಲವತ್ತು ದಿನ ಮನೆ ಬಿಟ್ಟು ಹೋಗುವುದು ಅವನಿಗೆ ಸುತಾರಾಂ ಇಷ್ಟವಿರಲಿಲ್ಲ. ಇದೇ ಅಂಗಡಿಯಲ್ಲಿ ನಿಂತು, ಈ ಬೈಕು ಹಾಳಾಗಿ ಹೋಗಲಿ ಎಂದಿದ್ದ. ಟೇಪಿನ ಸುರುಳಿ ಸದಾ ಅವನ ಜೇಬಿನಲ್ಲೇ ಇರುತ್ತಿತ್ತು.

"ಕೂತ್ಕೋ," ಎಂದಳು ಚಿಕ್ಕಮ್ಮ. ಅಷ್ಟರಲ್ಲಿ ಅವನು ಬೀದಿಯ ತುದಿ ಮುಟ್ಟಿದ್ದ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನರ್ಸಕ್ಕ ಮಲಗಿದ್ದಳು. ಹದಿನೆಂಟು ವರ್ಷ ಬೇರೆಯವರ ಹಾಸಿಗೆ ಸರಿಪಡಿಸಿದ ವಾರ್ಡಿನಲ್ಲೇ ಈಗ ಅವಳ ಕಾಲಿಗೆ ಸರಳು ಹಾಕಿ ಎತ್ತಿ ಕಟ್ಟಿದ್ದರು. ಪಕ್ಕದ ಸ್ಟೂಲಿನಲ್ಲಿ ಪ್ಲಂಬರ್ ಎಕ್ಸ್‌ರೇಯ ಲಕೋಟೆ ಹಿಡಿದುಕೊಂಡು ಕೂತಿದ್ದ. ಎರಡು ದಿನದ ಗಡ್ಡ, ನಿದ್ದೆಯಿಲ್ಲದ ಕಣ್ಣು. ಅದ್ಯಾವುದೂ ಮೀಟರಣ್ಣನಿಗೆ ಕಾಣಲಿಲ್ಲ. ಕಾಲರ್ ಹಿಡಿದು ಎಬ್ಬಿಸಿ ಗೋಡೆಗೆ ಒತ್ತಿದ.

"ನಿನ್ನ ಟೇಪು ನಿನ್ನ ಹೆಂಡತಿಯ ಎಂಜಿನ್ನಲ್ಲಿ ಹೇಗೆ ಬಂತು? ಹೇಳು. ಅವಳು ಹೋಗಬಾರದು ಅಂತ ಕಾಲನ್ನೇ ಮುರಿದುಬಿಟ್ಟೆಯಾ?"

ಪ್ಲಂಬರ್ ಕೈ ಎತ್ತದೆ ಹೆಂಡತಿಯ ಕಡೆ ನೋಡಿದ. ನರ್ಸಕ್ಕ ಅವನನ್ನು ದಿಟ್ಟಿಸಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ ಅವಳ ಮುಖದಲ್ಲೊಂದು ಪ್ರಶ್ನೆ ಮೂಡಿತು.

"ನೀವಾ?"

ಒಂದೇ ಮಾತು. ಪ್ಲಂಬರ್ ಲಕೋಟೆಯನ್ನು ಹಾಸಿಗೆಯ ಮೇಲಿಟ್ಟು ಹೊರಗೆ ನಡೆದ. ನೋಯಿಸಿದ ಸಮಾಧಾನದಲ್ಲಿ ಮೀಟರಣ್ಣ ಏದುಸಿರು ಬಿಡುತ್ತಿದ್ದಾಗ ಚಿಕ್ಕಮ್ಮ ಮೆಟ್ಟಿಲು ಹತ್ತಿ ಬಂದಳು. ಬಂದವಳೇ ಅವನ ಮುಖ ಕೂಡ ನೋಡದೆ ಸ್ಟೂಲಿನ ಮೇಲೆ ಕೂತು ನರ್ಸಕ್ಕನ ಕೈ ಹಿಡಿದುಕೊಂಡಳು. ಬೀಳುವ ಮುಂಚೆ ಒತ್ತಡದ ಮುಳ್ಳು ಎಲ್ಲಿತ್ತಮ್ಮ ಎಂದು ಕೇಳಿದಳು.

ನರ್ಸಕ್ಕ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಗುರುವಾರ ನಾಲ್ಕಿತ್ತು, ಭಾನುವಾರ ಆರು ದಾಟಿತ್ತು. ಎಂಜಿನ್ ಇನ್ನೂ ಚೆನ್ನಾಗಿದೆ ಎಂದುಕೊಂಡು ಅವಳು ಖುಷಿಪಟ್ಟಿದ್ದಳಂತೆ. ಆ ಮಾತಿಗೆ ಅವಳೇ ಕಹಿಯಾಗಿ ನಕ್ಕಳು.

ಅಷ್ಟರಲ್ಲಿ ಹೂವಿನ ಗುಚ್ಛ ಹಿಡಿದು ಫೋಟೋದವನು ಬಂದ. ನರ್ಸಕ್ಕ ಬಿದ್ದದ್ದನ್ನು ಹಿಂದಿನಿಂದ ಚಿತ್ರೀಕರಿಸಿದವನು ಅವನೇ; ಒಂದೇ ದಿನದಲ್ಲಿ ಆ ತುಣುಕನ್ನು ಲಕ್ಷ ಜನ ನೋಡಿದ್ದರು. ಅದನ್ನು ಹಾಕಬಾರದಿತ್ತು ಎಂದು ಅವನು ತಲೆ ತಗ್ಗಿಸಿದ. ಹಾಕಿದ್ದು ಸಾಕು, ಹಾಕದೆ ಉಳಿದದ್ದನ್ನು ತೋರಿಸು ಎಂದು ಚಿಕ್ಕಮ್ಮ ಅವನ ಫೋನು ಇಸಕೊಂಡಳು. ಶುಕ್ರವಾರದ ತಪಾಸಣೆಯ ವಿಡಿಯೋದಲ್ಲಿ ಕ್ಯಾಪ್ಟನ್ ತನ್ನ ಬೈಕಿನ ಮೇಲೆ ಕೂತು, ಎಂಜಿನ್ ಓಡುತ್ತಿರುವಾಗಲೇ, ಒತ್ತಡದ ಮೀಟರು ಸರಿ ತೋರಿಸದ ಬೈಕು ನನ್ನ ಜೊತೆ ಬರುವುದಿಲ್ಲ, ಅದು ನನ್ನದೇ ಆಗಿರಲಿ ಎಂದು ಭಾಷಣ ಮಾಡುತ್ತಿದ್ದ. ನಡುವೆ ಒಮ್ಮೆ ಬೆರಳಿನಿಂದ ತನ್ನ ಮೀಟರಿನ ಗಾಜನ್ನು ತಟ್ಟಿದ. ಅದನ್ನು ಅವಳು ಎರಡು ಸಲ ನೋಡಿದಳು. ಭಾನುವಾರ ಹೊರಡುವಾಗಿನದನ್ನೂ ನೋಡಿ ಫೋನು ವಾಪಸು ಕೊಟ್ಟಳು.

ಆಸ್ಪತ್ರೆಯ ಗೇಟು ದಾಟಿದ ಮೇಲೆ ಚಿಕ್ಕಮ್ಮ ನಿಂತಳು. ಅವಳು ದನಿ ಎತ್ತರಿಸಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

"ಬೆಳಿಗ್ಗೆ ನಿನ್ನ ಮಾತು ಕೇಳದೆ ಬೀದಿಯಲ್ಲಿ ನಿಲ್ಲಿಸಿ ಬೈದ್ರು ಅಂತ ನಿನಗೆ ಮೈಯೆಲ್ಲ ಉರೀತು. ಮಧ್ಯಾಹ್ನಕ್ಕೆ ನೀನು ಮಾಡಿದ್ದು ಏನು? ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಅಂಟೋದಿಲ್ಲ ಕಣೋ."

ಟೇಪು ಅವನದಲ್ಲದೆ ಮತ್ತೆ ಯಾರದು ಎಂದು ಮೀಟರಣ್ಣ ಹಲ್ಲು ಕಚ್ಚಿಕೊಂಡೇ ಕೇಳಿದ. ಅವಳು ದಾರಿಯಲ್ಲೇ ಕ್ಯಾಪ್ಟನ್ನಿಗೆ ಫೋನು ಮಾಡಿ, ಶನಿವಾರ ಮಧ್ಯಾಹ್ನ ಸವಾರರೆಲ್ಲ ತಮ್ಮ ಬೈಕುಗಳ ಸಮೇತ ಅಂಗಡಿಗೆ ಬರಬೇಕು, ನಮ್ಮ ಹುಡುಗ ಎಲ್ಲರೆದುರು ಕ್ಷಮೆ ಕೇಳುತ್ತಾನೆ ಎಂದು ಹೇಳಿಬಿಟ್ಟಳು.

ಆ ವಾರವಿಡೀ ಮೀಟರಣ್ಣ ಅವಳ ಜೊತೆ ಮಾತು ಬಿಟ್ಟ. ಮಾಡದ ತಪ್ಪಿಗೆ ಕ್ಷಮೆ. ಅದೂ ತನ್ನನ್ನು ಒಂದು ಮಾತು ಕೇಳದೆ, ತನ್ನ ಸ್ವಂತ ಚಿಕ್ಕಮ್ಮ ಒಪ್ಪಿಕೊಂಡ ಕ್ಷಮೆ. ಸ್ಪ್ಯಾನರುಗಳನ್ನು ಡಬ್ಬಕ್ಕೆ ಎಸೆಯುತ್ತಿದ್ದ, ಚಹಾದ ಲೋಟ ಕುಕ್ಕುತ್ತಿದ್ದ. ಬರಬೇಕಿದ್ದ ನಾಲ್ಕು ಬೈಕುಗಳವರು ಫೋನು ಮಾಡಿ, ಸದ್ಯಕ್ಕೆ ಬೇಡ ಎಂದರು. ಬೋರ್ಡನ್ನು ಕಿತ್ತು ನೆಲಕ್ಕೆ ಅಪ್ಪಳಿಸಬೇಕೆಂದು ಒಂದು ಸಲ ಸ್ಟೂಲು ಹತ್ತಿದ್ದೂ ಉಂಟು. ಚಿಕ್ಕಮ್ಮ ಮಾತ್ರ ಗಡಿಯಾರದ ಮುಳ್ಳಿಗೆ ಬಣ್ಣ ಹಚ್ಚುತ್ತ ಕೂತಿದ್ದಳು. ಅವನು ಬೋಲ್ಟಿಗೆ ಗೆರೆ ಎಳೆಯಲು ಕಡ್ಡಿ ಅದ್ದುತ್ತಿದ್ದದ್ದೂ ಅವಳ ಅದೇ ಬಣ್ಣದ ಡಬ್ಬಿಗೆ. ಈ ವಾರ ಅದಕ್ಕೂ ಕೆಲಸವಿರಲಿಲ್ಲ.

ಶನಿವಾರ ಮೂರು ಗಂಟೆಗೆ ಕ್ಯಾಪ್ಟನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕ್ಷಮೆ ಕೇಳುವುದನ್ನು ಪೂರ್ತಿ ಚಿತ್ರೀಕರಿಸಬೇಕೆಂದು ಫೋಟೋದವನಿಗೆ ಅವನೇ ಹೇಳಿ ಕರೆತಂದಿದ್ದ. ನರ್ಸಕ್ಕ ಗಾಲಿಕುರ್ಚಿಯಲ್ಲಿ ಕಾಲು ಮುಂದಕ್ಕೆ ಚಾಚಿ ಬಂದಳು. ಕುರ್ಚಿ ತಳ್ಳಿದವನು ಪ್ಲಂಬರನೇ, ಆದರೆ ಇಬ್ಬರ ನಡುವೆ ಮಾತಿರಲಿಲ್ಲ. ಮೂರೂ ಬೈಕುಗಳನ್ನು ಅಂಗಡಿಯೊಳಗೆ ಸಾಲಾಗಿ ನಿಲ್ಲಿಸಿದರು. ನರ್ಸಕ್ಕನ ಬೈಕಿಗೆ ಆ ಸೆನ್ಸರನ್ನೂ ಸೀಳಿದ ಜಾಯಿಂಟನ್ನೂ ಮೊದಲಿದ್ದ ಹಾಗೆಯೇ ಕೂರಿಸಲಾಗಿತ್ತು.

ಚಿಕ್ಕಮ್ಮ ಮೇಜಿನ ಮೇಲಿನ ದೊಡ್ಡ ಟಾರ್ಚು ಹಿಡಿದು, ವಯಸ್ಸಾದವರ ಕುತೂಹಲದಿಂದ, ಒಂದೊಂದು ಎಂಜಿನ್ನಿನ ಮೇಲೂ ಸಾವಕಾಶವಾಗಿ ಬೆಳಕು ಬಿಟ್ಟು ನೋಡುತ್ತ ಬಂದಳು. ಕ್ಯಾಪ್ಟನ್ನಿಗೆ ತಾಳ್ಮೆ ಮೀರುತ್ತಿತ್ತು. ಕ್ಷಮೆ ಎಲ್ಲಿ ಎಂದು ಕೇಳಿದ.

"ಬರುತ್ತೆ," ಎಂದಳು ಚಿಕ್ಕಮ್ಮ. "ಅದಕ್ಕೆ ಮೊದಲು ಯಾರು ಯಾರಿಗೆ ಕೇಳಬೇಕು ಅಂತ ತೀರ್ಮಾನ ಆಗಲಿ."

ಅವಳು ತಗಡಿನ ಡಬ್ಬಿಯಿಂದ ಟೇಪು ತೆಗೆದು ಪ್ಲಂಬರನ ಕೈಗಿತ್ತಳು. ಇದನ್ನು ಸುತ್ತಿದವನು ಯಾವ ಕಡೆಯಿಂದ ಸುತ್ತಿದ್ದಾನೆ ಹೇಳು ಎಂದಳು. ಪ್ಲಂಬರ್ ಒಲ್ಲದ ಮನಸ್ಸಿನಿಂದ ನೋಡಿದ. ನೋಡಿದ ಮೇಲೆ ಆರು ದಿನದಲ್ಲಿ ಮೊದಲ ಸಲ ಅವನ ದನಿಗೆ ಜೀವ ಬಂತು.

"ಉಲ್ಟಾ ಸುತ್ತಿದ್ದಾರೆ. ಹೀಗೆ ಸುತ್ತಿದರೆ ತಿರುಗಿಸ್ತಾ ತಿರುಗಿಸ್ತಾ ಟೇಪು ಬಿಚ್ಚಿಕೊಂಡು ಮುದ್ದೆಯಾಗುತ್ತೆ. ಕಸುಬಿನವನು ನಿದ್ದೆಗಣ್ಣಲ್ಲೂ ಹೀಗೆ ಮಾಡೋದಿಲ್ಲ."

"ಅದು ನನಗೆ ಸೋಮವಾರವೇ ಗೊತ್ತಾಯ್ತು," ಎಂದಳು ಚಿಕ್ಕಮ್ಮ. ಹಾಗೆನ್ನುವಾಗ ಅವಳ ಕಣ್ಣು ಮೀಟರಣ್ಣನ ಮೇಲಿತ್ತು. ಅವನ ಕಿವಿ ಕೆಂಪಾಯಿತು. ಇಪ್ಪತ್ತು ವರ್ಷ ಮರೆ ತಿರುಗಿಸಿದ ತನ್ನ ಕಣ್ಣಿಗೆ ಅಷ್ಟು ಸರಳ ಸಂಗತಿ ಬಿದ್ದಿರಲಿಲ್ಲ. ಬೀಳಲು ಅವನ ಕೋಪ ಬಿಟ್ಟಿರಲಿಲ್ಲ.

ಅವಳು ಮುಂದುವರಿಸಿದಳು. ಗುರುವಾರ ಮುಳ್ಳು ನಾಲ್ಕರಲ್ಲಿತ್ತು, ಆಗ ಟೇಪಿರಲಿಲ್ಲ. ಭಾನುವಾರ ಎಣ್ಣೆ ಸೋರುತ್ತಿದ್ದರೂ ಮುಳ್ಳು ಆರು ದಾಟಿತ್ತು. ಈ ಬಗೆಯ ಸೆನ್ಸರಿಗೆ ಲೋಹದ ಸಂಪರ್ಕ ಕೆಟ್ಟರೆ ಮೀಟರು ಇಲ್ಲದ ಒತ್ತಡವನ್ನು ಇದೆ ಎಂದು ತೋರಿಸುತ್ತದೆ. ಹಾಗಾಗಿ ಟೇಪು ಸುತ್ತಿದ್ದು ಈ ಎರಡು ದಿನಗಳ ನಡುವೆ. ಮನೆಯಲ್ಲಿ ಸುತ್ತಬಹುದಾಗಿದ್ದ ಪ್ಲಂಬರನ ಕೈ ಇದಲ್ಲ, ಅಂದರೆ ಬೈಕು ಶೆಡ್ಡಿನಲ್ಲಿದ್ದಾಗ. ಇನ್ನು ಸೆನ್ಸರ್. ಮೀಟರಣ್ಣ ಹಾಕಿದ್ದು ಹೊಚ್ಚಹೊಸದು. ಇದರ ಮರೆಗಳು ಸವೆದಿವೆ. ಅಂದರೆ ಯಾರೋ ನರ್ಸಕ್ಕನ ಹೊಸ ಸೆನ್ಸರ್ ಕದ್ದು, ತಮ್ಮ ಹಳೆಯದನ್ನು ಅಲ್ಲಿ ತುರುಕಿದ್ದಾರೆ. ಸವೆದ ಮರೆ ಸೋರಿದಾಗ ಟೇಪು ಸುತ್ತಿದ್ದಾರೆ, ಆಗಲೂ ಸೋರಿದಾಗ ಜಾಯಿಂಟು ಸೀಳುವಷ್ಟು ಬಿಗಿ ಮಾಡಿದ್ದಾರೆ.

ಫೋಟೋದವನಿಗೆ ಆ ಸೆನ್ಸರಿಂದ ಪ್ರಯೋಜನವಿಲ್ಲ, ಅವನ ಬೈಕಿಗೆ ಒತ್ತಡದ ಮೀಟರೇ ಇಲ್ಲ ಎಂದಳು. ಕ್ಯಾಪ್ಟನ್ ನಕ್ಕ. ಗೆರೆಯ ಮಾತೇನು, ಸೆನ್ಸರ್ ಬದಲಾಗಿದ್ದರೆ ಗೆರೆ ಹೇಗೆ ಕೂಡಿಕೊಂಡಿದೆ ಎಂದು ಸವಾಲು ಹಾಕಿದ.

"ಗೆರೆ ನೋಡೋಣ," ಎಂದು ಚಿಕ್ಕಮ್ಮ ಶಟರ್ ಎಳೆಯುವಂತೆ ಮೀಟರಣ್ಣನಿಗೆ ಸನ್ನೆ ಮಾಡಿದಳು. ಶಟರ್ ಬಿತ್ತು. ಅವಳು ದೀಪ ಆರಿಸಿದಳು.

ಕತ್ತಲಿಗೆ ಕಣ್ಣು ಹೊಂದುತ್ತಿದ್ದಂತೆ ಮೊದಲು ಗೋಡೆಯ ಮೇಲಿನ ಗಡಿಯಾರಗಳ ಮುಳ್ಳುಗಳು ಹಸಿರಾಗಿ ಮೂಡಿದವು. ಆಮೇಲೆ ನರ್ಸಕ್ಕನ ಬೈಕಿನ ಮೇಲೆ, ಬಿಸಿಯ ಸೆನ್ಸರಿನ ಬುಡದಲ್ಲೊಂದು, ಮೀಟರು ಹಿಡಿದ ಬೋಲ್ಟುಗಳ ಮೇಲೆ ನಾಲ್ಕು, ಬ್ಯಾಟರಿಯ ಬಳಿ ಎರಡು ಸಣ್ಣ ಹಸಿರು ಗೆರೆಗಳು. ಒತ್ತಡದ ಸೆನ್ಸರ್ ಇದ್ದ ಜಾಗದಲ್ಲಿ ಮಾತ್ರ ಕಪ್ಪು.

"ನಮ್ಮ ಹುಡುಗ ಗೆರೆ ಎಳೆಯೋದು ನನ್ನ ಗಡಿಯಾರದ ಬಣ್ಣದಲ್ಲಿ," ಎಂದಿತು ಚಿಕ್ಕಮ್ಮನ ದನಿ. "ಬೆಳಕು ಕುಡಿದು ಕತ್ತಲಲ್ಲಿ ಉಗುಳೋ ಬಣ್ಣ. ಇಲ್ಲಿರೋದು ಬರೀ ಹಳದಿ. ಟೈರಿನ ಅಕ್ಷರ ತುಂಬೋ ಅಂಥಾ ಹಳದಿ."

ಆಗ ಮೀಟರಣ್ಣನಿಗೆ ಅದು ಕಂಡಿತು. ಸಾಲಿನ ಆ ತುದಿಯಲ್ಲಿ, ಕ್ಯಾಪ್ಟನ್ನಿನ ಬೈಕಿನ ಎಂಜಿನ್ನಿನ ಬದಿಗೆ, ಸಾಸಿವೆ ಕಾಳಿನಷ್ಟು ಹಸಿರು. ಆ ಬೈಕಿಗೆ ಮೀಟರಣ್ಣ ಎಂದೂ ಕೈ ಹಾಕಿರಲಿಲ್ಲ. ಕಾಣುತ್ತಿದ್ದಂತೆಯೇ ಆ ಹಸಿರು ಆರಿಹೋಯಿತು.

ಚಿಕ್ಕಮ್ಮ ದೀಪ ಹಾಕಿದಳು. ಕ್ಯಾಪ್ಟನ್ ತನ್ನ ಬೈಕಿನ ಪಕ್ಕ ಬಗ್ಗಿ, ಅಂಗೈಯಿಂದ ಸೆನ್ಸರನ್ನು ಮುಚ್ಚಿಕೊಂಡು ಕೂತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಹೆಗಲು ಯಾರೂ ಕಳ್ಳ ಎನ್ನುವ ಮೊದಲೇ ಸಿಕ್ಕಿಬಿದ್ದಿತ್ತು. ಫೋಟೋದವನ ಕ್ಯಾಮೆರಾ ಇನ್ನೂ ಓಡುತ್ತಿತ್ತು.

ಕದ್ದ ಸೆನ್ಸರಿನ ಮೇಲಿದ್ದ ಗೆರೆಯನ್ನು ಅವನು ಪೆಟ್ರೋಲು ಬಟ್ಟೆಯಿಂದ ಒರೆಸಿದ್ದ. ಸೆನ್ಸರಿನ ಮೂಲೆಯ ಸಂದಿಯಲ್ಲಿ ಮಾತ್ರ ಚೂರು ಉಳಿದುಹೋಗಿತ್ತು. ಉಳಿದದ್ದನ್ನು ಚಿಕ್ಕಮ್ಮನೇ ಹೇಳಿದಳು. ಶುಕ್ರವಾರದ ವಿಡಿಯೋದಲ್ಲಿ ಎಂಜಿನ್ ಓಡುತ್ತಿದ್ದರೂ ಕ್ಯಾಪ್ಟನ್ನಿನ ಒತ್ತಡದ ಮುಳ್ಳು ಸೊನ್ನೆಯ ಮೇಲೆ ಬಿದ್ದಿತ್ತು. ಅದಕ್ಕೇ ಅವನು ಗಾಜು ತಟ್ಟಿದ್ದ. ಭಾನುವಾರ ಅದೇ ಮುಳ್ಳು ನಾಲ್ಕಕ್ಕೆ ಎದ್ದು ನಿಂತಿತ್ತು. ಅವನ ಕೆಟ್ಟ ಸೆನ್ಸರ್ ನರ್ಸಕ್ಕನ ಬೈಕಿನಲ್ಲಿ ಆರು ತೋರಿಸಿದ್ದು ಟೇಪಿನಿಂದ. ಸೆನ್ಸರ್ ಕೆಟ್ಟಿದೆ, ಎರಡು ದಿನ ಕಾಯೋಣ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೀಟರು ಕೆಟ್ಟ ಬೈಕು ಬರಕೂಡದು ಎಂದು ಅವನೇ ಭಾಷಣ ಬಿಗಿದಾಗಿತ್ತು.

ಕ್ಯಾಪ್ಟನ್ ಎದ್ದು ನಿಂತ. ಹೀಗಾಗುತ್ತದೆ ಎಂದು ತನಗೆ ಗೊತ್ತಿರಲಿಲ್ಲ, ಮೊದಲ ಪಟ್ಟಣದಲ್ಲೇ ಹೊಸದು ಕೊಂಡು ಸದ್ದಿಲ್ಲದೆ ಹಾಕಿಬಿಡೋಣ ಎಂದುಕೊಂಡಿದ್ದೆ, ಹತ್ತು ವರ್ಷದ ಹೆಸರು ಎಂದೆಲ್ಲ ತಡವರಿಸಿದ. ಕ್ಯಾಮೆರಾ ಆರಿಸು ಎಂದು ಫೋಟೋದವನಿಗೆ ಹೇಳಿದ. ಫೋಟೋದವನು ಆರಿಸಲಿಲ್ಲ.

ಮೀಟರಣ್ಣನ ಮುಷ್ಟಿ ಬಿಗಿದಿತ್ತು. ಅವನು ಹೆಜ್ಜೆ ಎತ್ತುವ ಮೊದಲೇ ನರ್ಸಕ್ಕ ಮಾತಾಡಿದಳು.

"ನಾನು ಆರು ವರ್ಷ ರಜೆ ಕೂಡಿಟ್ಟೆ. ಅದು ಹೋಗಲಿ. ಮೀಟರಣ್ಣನ ಕಸುಬು ಹೋಗಲಿ ಅಂತ ಬೀದೀಲಿ ನಿಂತು ಕೂಗಿದ್ರಲ್ಲ, ಆಗ ಆ ಸೆನ್ಸರ್ ನಿಮ್ಮ ಬೈಕಲ್ಲೇ ಇತ್ತು. ಇವರ ಮೇಲೆ," ಅವಳು ಗಂಡನ ಕಡೆ ತಿರುಗಲಾರದೆ ಕೈ ಮಾತ್ರ ತೋರಿಸಿದಳು, "ನಾನು ಅನುಮಾನ ಪಟ್ಟೆ. ಅದನ್ನ ನೀವು ಎಲ್ಲಿಂದ ಕೊಂಡು ತಂದು ಸರಿ ಮಾಡ್ತೀರಿ?"

ಸೋಮವಾರ ಠಾಣೆಯಲ್ಲಿ ದೂರು ಕೊಡುತ್ತೇನೆ, ವಿಡಿಯೋ ನನಗೆ ಬೇಕು ಎಂದು ಅವಳು ಫೋಟೋದವನಿಗೆ ಹೇಳಿದಳು. ಆಮೇಲೆ ಮೀಟರಣ್ಣನನ್ನು ನೋಡಿ ಒಂದೇ ಮಾತೆಂದಳು.

"ನನ್ನ ಸೆನ್ಸರ್ ನನಗೆ ಬಿಚ್ಚಿಕೊಡಿ. ಈಗಲೇ."

ಮೀಟರಣ್ಣ ಸ್ಪ್ಯಾನರ್ ತೆಗೆದುಕೊಂಡ. ಸೆನ್ಸರ್ ಬಿಚ್ಚಿದ ಎಂಜಿನ್ನನ್ನು ಚಾಲೂ ಮಾಡುವ ಹಾಗಿಲ್ಲ. ಮಾಡಿದರೆ ಆ ತೂತಿನಿಂದ ಎಣ್ಣೆ ಕಾರಂಜಿಯಂತೆ ಚಿಮ್ಮುತ್ತದೆ. ಅದು ಕ್ಯಾಪ್ಟನ್ನಿಗೂ ಗೊತ್ತಿತ್ತು. ಒಂದು ಮುಚ್ಚಳವನ್ನಾದರೂ ಹಾಕಿಕೊಡು ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ. ಮೀಟರಣ್ಣನ ಡ್ರಾಯರಿನಲ್ಲಿ ಅಂಥ ಹತ್ತು ಮುಚ್ಚಳಗಳಿದ್ದವು. ಅವನು ಡ್ರಾಯರ್ ಎಳೆಯಲಿಲ್ಲ. ಒಂದು ಬಟ್ಟೆಯ ತುಂಡನ್ನು ತೂತಿಗೆ ತುರುಕಿ ಶಟರ್ ಎತ್ತಿದ.

ಮುನ್ನೂರು ಕಿಲೋ ತೂಕದ ಬೈಕನ್ನು ಕ್ಯಾಪ್ಟನ್ ಎರಡೂ ಕೈಯಿಂದ ತಳ್ಳಿಕೊಂಡು ಬೀದಿಗಿಳಿದ. ಸೋಮವಾರ ಅವನ ಮಾತು ಕೇಳಿದ್ದ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ತಳ್ಳಲು ಯಾರೂ ಕೈ ಜೋಡಿಸಲಿಲ್ಲ. ಬೀದಿ ಸ್ವಲ್ಪ ಏರು ಇತ್ತು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟುವುದು ಅಂಗಡಿಯಿಂದಲೇ ಕಾಣುತ್ತಿತ್ತು.

ಅವನು ತಿರುವಿನಲ್ಲಿ ಮರೆಯಾದ ಮೇಲೂ ಮೀಟರಣ್ಣನ ಎದೆ ಹಗುರಾಗಲಿಲ್ಲ. ಕೈಯ ಎಣ್ಣೆ ಒರೆಸಿಕೊಂಡು ಪ್ಲಂಬರನ ಎದುರು ಹೋಗಿ ನಿಂತ. ಚಿಕ್ಕಮ್ಮ ಮಾತು ಕೊಟ್ಟಿದ್ದ ಕ್ಷಮೆ ಇವನಿಗೇ ಸಲ್ಲಬೇಕಾದದ್ದು ಎಂದು ಅವನಿಗೆ ಈಗ ಅರ್ಥವಾಗಿತ್ತು.

"ಎಲ್ಲರ ಮುಂದೆ ಅಂದೆ. ಎಲ್ಲರ ಮುಂದೆ ವಾಪಸು ತಗೋತೀನಿ. ತಪ್ಪಾಯ್ತು."

ಪ್ಲಂಬರ್ ತನ್ನ ಕಾಲರನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಗಲಿ ಬಿಡು ಎನ್ನಲಿಲ್ಲ.

"ನೀನು ಹೇಳಿದ್ದು ಒಂದು ಕ್ಷಣ. ಇವಳು ನನ್ನನ್ನು ನೋಡಿದ ನೋಟ ನನ್ನ ಜೊತೆಗೇ ಮಲಗುತ್ತೆ, ಜೊತೆಗೇ ಏಳುತ್ತೆ," ಎಂದ. "ಕಾಲ ಬರಲಿ. ನೋಡೋಣ."

ಅವನು ಬಗ್ಗಿ ಗಾಲಿಕುರ್ಚಿಯ ಬ್ರೇಕು ಬಿಡಿಸಿದ. ಅವನ ಕೈ ಹಿಂದಕ್ಕೆ ಸರಿಯುವ ಮೊದಲೇ ನರ್ಸಕ್ಕ ಅದರ ಮೇಲೆ ತನ್ನ ಕೈ ಇಟ್ಟಳು. ಅವನು ತೆಗೆಯಲೂ ಇಲ್ಲ, ಹಿಡಿಯಲೂ ಇಲ್ಲ. ಆಮೇಲೆ ಹೊಸ್ತಿಲ ಬಳಿ ಮುಂದಿನ ಗಾಲಿಗಳನ್ನು ಅವಳ ಕಾಲು ಅಲುಗದಂತೆ ಮೆಲ್ಲಗೆ ಎತ್ತಿ, ಕುರ್ಚಿಯನ್ನು ಬೀದಿಗೆ ಇಳಿಸಿದ.